ಇಬ್ಬರ ಅಳತೆ

ಘಣಸೋಲಿಯ ಆ ಕಟ್ಟಡದ ಎರಡನೇ ಮಹಡಿಯಲ್ಲಿ ನಾಲ್ಕು ಬಾಗಿಲು. ಬೆಳಿಗ್ಗೆ ಕಸ ಒಯ್ಯಲು ಬರುವ ಬಾಗಿ ಎಂಬವಳು ಮೂರು ಬಾಗಿಲಲ್ಲಿ ನಿಲ್ಲುತ್ತಾಳೆ, ನಾಲ್ಕನೆಯದನ್ನು ದಾಟಿ ಹೋಗುತ್ತಾಳೆ. ಅದು ಮೋಹಿನಿಯ ಮನೆ. ಅಲ್ಲಿ ಕಸವೆಂಬುದು ಇದ್ದರೆ ತಾನೆ! ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ ಹೋಗುತ್ತದೆ, ಸೌತೆಕಾಯಿಯ ತಿರುಳು ಸಾರಾಗುತ್ತದೆ, ಮಿಕ್ಸಿ ತೊಳೆದ ನೀರು ಕೂಡ ಹುಳಿಯ ಪಾತ್ರೆಗೇ. ಅಕ್ಕಿ ಒಂದು ಪಾವು, ಅದೂ ಕೈಯಿಂದ ಸವರಿ ಮಟ್ಟ ಮಾಡಿ ಅಳೆದದ್ದು. ಗಂಡ ಹೆಂಡತಿ ಉಂಡು ಎದ್ದ ಮೇಲೆ ಪಾತ್ರೆಯಲ್ಲಿ ಒಂದಗುಳು ಸಿಕ್ಕಲಿಕ್ಕಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಬಂದಾಗಿನಿಂದ ಅವಳ ಅಡುಗೆಮನೆ ನಡೆದದ್ದು ಹೀಗೆ, ಅವಳ ಹೆಮ್ಮೆಯೂ ಅದೇ.

ಉಳಿದ ಮೂರು ಮನೆಯವರ ವಿಷಯ ಅವಳ ಹತ್ತಿರ ಎತ್ತಲೇಬಾರದು. ಎದುರುಮನೆಯ ಸಾಬವ್ವ ವಿಜಯಪುರದ ಕಡೆಯವಳು, ಗಂಡ ಸಂಗಮೇಶನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಮಾಲು ತುಂಬುವ ಕೆಲಸ. ಬೆವರು ಸುರಿಸಿ ದುಡಿದು ತಂದದ್ದನ್ನು ಹೆಂಡತಿ ಕೊತ್ತಂಬರಿ ದಂಟಿನ ಸಮೇತ ಬಕೆಟ್ಟಿಗೆ ಎಸೆಯುತ್ತಾಳೆ ಎಂದು ಮೋಹಿನಿ ದಿನವೂ ಮೂಗು ಮುರಿಯುತ್ತಿದ್ದಳು. ಹನ್ನೊಂದು ವರ್ಷ ಎದುರುಬದುರು ಇದ್ದೂ ಇಬ್ಬರ ನಡುವೆ ನಡೆದ ಮಾತೆಂದರೆ ನೀರು ಬಂತೇ, ಲೈಟು ಹೋಯಿತೇ, ಅಷ್ಟೆ.

ಆದರೆ ಎಲ್ಲರಿಗಿಂತ ಹೆಚ್ಚಿನ ತಾತ್ಸಾರ ಗಂಡನಿಗೇ ಮೀಸಲು. ಧರ್ಮಪಾಲ, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವನು. ಕಾರ್ಖಾನೆಯ ಜನ ಅವನ ಸಾಂಬಾರಿಗೆ ಸಾಲು ನಿಲ್ಲುತ್ತಿದ್ದರಂತೆ. ನಿಲ್ಲಲಿ ಪಾಪ, ಹಸಿದವರು! ಹೋಟೆಲಿನ ಅಡುಗೆಯೆಂದರೆ ಸೋಡಾ ಮತ್ತು ಎಣ್ಣೆ, ಹಿಡಿ ಬೆಲ್ಲ ಸುರಿದರೆ ಯಾರು ಬೇಕಾದರೂ ಸಾಂಬಾರು ಮಾಡಿಯಾರು ಎಂಬುದು ಅವಳ ತೀರ್ಮಾನ. ಹೋಟೆಲು ಮುಚ್ಚಿ ಅವನು ಮನೆಯಲ್ಲಿ ಕೂತು ಎರಡು ವರ್ಷವಾದರೂ ಅವನನ್ನು ಒಲೆಯ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಅಂಥವಳು ಜುಲೈ ತಿಂಗಳಲ್ಲಿ ಸ್ಟೇಷನ್ನಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಠಾಣೆ ಪಟ್ಟಣದಲ್ಲಿರುವ ಮಗ ಯತಿನ್ ಫೋನು ಮಾಡಿ, ಎಲ್ಲಿಂದಾದರೂ ಊಟದ ಡಬ್ಬ ಹಚ್ಚಿಸಿಕೊಳ್ಳಿ ಎಂದ. ಕಂಡವರ ಕೈಯ ಅನ್ನ ತಿನ್ನುವುದಕ್ಕಿಂತ ಉಪವಾಸ ಲೇಸು ಎಂದು ಅವಳು ಫೋನಿಟ್ಟಳು. ಅಡುಗೆಮನೆಯ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತು ಗಂಡನನ್ನು ಕರೆದಳು. ಕೈ ಅವನದು, ಬುದ್ಧಿ ತನ್ನದು ಎಂದು ಅವಳ ಲೆಕ್ಕ.

ಲೆಕ್ಕ ಮೊದಲ ದಿನವೇ ತಪ್ಪಿತು. ಧರ್ಮಪಾಲ ಆ ಪಾವನ್ನು ಆಟದ ಸಾಮಾನು ನೋಡಿದಂತೆ ನೋಡಿದ. ಅವನಿಗೆ ಗೊತ್ತಿದ್ದದ್ದು ಇನ್ನೂರು ಜನರ ಸಾಂಬಾರು. ಉಪ್ಪು ಅವನ ಕೈಗೆ ಹಿಡಿಯಲ್ಲಿ ಬರುತ್ತಿತ್ತೇ ಹೊರತು ಚಿಟಿಕೆಯಲ್ಲಿ ಬರುತ್ತಿರಲಿಲ್ಲ. ಒಂದು ದಿನ ಹುಳಿ ಉಪ್ಪುಪ್ಪು, ಮರುದಿನ ಸಪ್ಪೆ, ಮೂರನೆಯ ದಿನ ತಳ ಹಿಡಿದು ಮನೆಯೆಲ್ಲ ಹೊಗೆ. ಅರ್ಧ ವಾಗ್ಳೆ ಎಸ್ಟೇಟಿಗೆ ಉಣಬಡಿಸಿದ ಮಹಾನುಭಾವನಿಗೆ ಇಬ್ಬರ ಹೊಟ್ಟೆ ತುಂಬಿಸಲು ಬರುವುದಿಲ್ಲ! ಮೋಹಿನಿ ಪ್ಲಾಸ್ಟರಿನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಾಲ್ಕನೆಯ ದಿನ ಅವನು ಕೇಳುವ ಗೋಜಿಗೇ ಹೋಗಲಿಲ್ಲ. ಅಟ್ಟದ ಮೇಲಿನಿಂದ ದೊಡ್ಡ ಪಾತ್ರೆ ಇಳಿಸಿದ. ಕೊತ್ತಂಬರಿ ಹುರಿದ ಪರಿಮಳ ಮೆಟ್ಟಿಲು ಇಳಿದು ಕೆಳಗಿನ ಮಹಡಿಗೂ ಹೋಯಿತು. ಮೋಹಿನಿ ಎರಡು ಸೌಟು ಬಡಿಸಿಕೊಂಡು ತಟ್ಟೆ ಬಳಿದು ಉಂಡಳು. ಆಮೇಲೆ ಪಾತ್ರೆ ನೋಡಿದರೆ ಇನ್ನೂ ಹದಿನೈದು ಜನಕ್ಕಾಗುವಷ್ಟು ಸಾಂಬಾರು! ಅವಳ ಮೈಯೆಲ್ಲ ಉರಿಯಿತು. ಅವಳ ಬೈಗುಳ ಮುಗಿಯುವ ಮೊದಲೇ ಧರ್ಮಪಾಲ ಮೂರು ಸ್ಟೀಲ್ ಬೋಗುಣಿ ತುಂಬಿಸಿ, ಚಪ್ಪಲಿ ಮೆಟ್ಟಿಕೊಂಡು ಮೂರೂ ಬಾಗಿಲಿಗೆ ಹೋಗಿ ಕೊಟ್ಟು ಬಂದಿದ್ದ.

ಬೋಗುಣಿಗಳು ಖಾಲಿ ಬರಲಿಲ್ಲ. ಸಾಬವ್ವನದರಲ್ಲಿ ಶೇಂಗಾ ಚಟ್ನಿ, ಮೇಲೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಮೂಲೆಮನೆಯ ಮರಾಠಿ ಹೆಂಗಸಿನಿಂದ ಕೊತ್ತಂಬರಿ ವಡಿ. ವಡಿಗೆ ಎಣ್ಣೆ ಜಾಸ್ತಿ, ರೊಟ್ಟಿ ಹಲ್ಲು ಕೇಳುತ್ತದೆ ಎಂದು ಟೀಕಿಸುತ್ತಲೇ ಮೋಹಿನಿ ಎರಡನ್ನೂ ಮುಗಿಸಿದಳು. ಅಲ್ಲಿಂದ ಆರಂಭವಾಯಿತು ನೋಡಿ, ದಿನವೂ ಅದೇ. ಬಾಗಿಲು ಹಾಕುವಂತಿಲ್ಲ, ಒಬ್ಬರಲ್ಲ ಒಬ್ಬರು ಅಣ್ಣಾ ಎನ್ನುತ್ತ ಬರುವವರೇ. ರಸಂಪುಡಿಗೆ ಮೆಣಸೆಷ್ಟು, ಇಡ್ಲಿ ಮೆತ್ತಗಾಗಲು ಏನು ಮಾಡಬೇಕು, ಎಲ್ಲ ಪ್ರಶ್ನೆ ಅವನಿಗೆ. ಸ್ಟೂಲಿನ ಮೇಲೆ ಕೂತವಳನ್ನು ಕೇಳಿದ್ದು ಒಂದೇ, ಕೈನೋವು ಕಡಿಮೆಯಾಯಿತೇ ಎಂದು.

ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಮೋಹಿನಿ ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಹತ್ತಿಸಿದಳು, ಗಂಡನನ್ನು ಟೀವಿಯ ಮುಂದೆ ಕೂರಿಸಿದಳು. ಪಾವು ಮಟ್ಟ ಮಾಡಿ ಅಕ್ಕಿ ತೊಳೆದಳು, ಹೀರೆಕಾಯಿ ಹುಳಿ ಮಾಡಿದಳು. ಇನ್ನು ಈ ಮನೆಯ ರುಚಿ ಏನೆಂದು ಗೊತ್ತಾಗಲಿ ಎಂಬ ಗತ್ತು ಬೇರೆ. ಅಷ್ಟರಲ್ಲಿ ಸಾಬವ್ವ ಹಿಂದಿನ ದಿನದ ಬೋಗುಣಿ ಕೊಡಲು ಬಂದಳು. ಅವಳ ಕಣ್ಣು ಮೋಹಿನಿಯ ಪ್ಲಾಸ್ಟರಿಲ್ಲದ ಕೈ ಮೇಲೆ ಬಿತ್ತು.

"ಕೈ ಛಲೋ ಆತೇನ್ರಿ? ಹಂಗಾರ ಅಣ್ಣಾರು ಇನ್ನ ಅಡಿಗಿ ಮಾಡಂಗಿಲ್ಲ ಅಂದಂಗಾತು."

ಹೇಳುತ್ತ ಹೇಳುತ್ತ ಅವಳ ಮುಖ ಸಪ್ಪಗಾಯಿತು. ಮುಚ್ಚಿಡಲು ನಕ್ಕಳು, ಆದರೆ ತಡವಾಗಿತ್ತು. ತನ್ನ ಕೈ ವಾಸಿಯಾದದ್ದಕ್ಕೆ ಒಬ್ಬಳು ಬೇಸರಪಟ್ಟುಕೊಂಡಳಲ್ಲ! ಮೋಹಿನಿಗೆ ಕೈ ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ. ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು. ಊರಿಗೆಲ್ಲ ಬಡಿಸಿ ಬಡಿಸಿ ಹೆಸರು ತೆಗೆದುಕೊಂಡದ್ದು ನೀವು, ಮೂವತ್ತೆರಡು ವರ್ಷ ಬೆಂದ ನಾನು ಯಾರಿಗೂ ಬೇಡ ಎಂದು ಒಂದೇ ಸಮನೆ ಹರಿಹಾಯ್ದಳು. ಧರ್ಮಪಾಲ ಟೀವಿಯ ಸದ್ದು ತಗ್ಗಿಸಿ, ಮನೆಯ ತುಳುವಿನಲ್ಲೇ ಮೆಲ್ಲಗೆ ಅಂದ:

"ಮೋಹಿನಿ, ನಿನ್ನ ಪಾತ್ರೆಯಲ್ಲಿ ಮೂರನೆಯವರಿಗೆ ಅಂತ ಯಾವತ್ತೂ ಏನೂ ಇರಲಿಲ್ಲ. ಅವರಿಗೆ ನಿನ್ನ ಕೈರುಚಿ ಗೊತ್ತಾಗುವುದು ಹೇಗೆ?"

ಮೋಹಿನಿ ಒಳಗೆ ಹೋಗಿ ಅವನ ಪಾಲು ಅವನಿಗೆ ಬಡಿಸಿದಳು. ಪಾತ್ರೆಯಲ್ಲಿ ಉಳಿದದ್ದು ತನ್ನ ಪಾಲಿನ ಹುಳಿ, ಅಷ್ಟೇ. ಆಮೇಲೆ ಸಾಬವ್ವ ಕೊಟ್ಟುಹೋದ ಬೋಗುಣಿಗೆ ಅಷ್ಟನ್ನೂ ಸುರಿದು, ಸೌಟಿಗೆ ಅಂಟಿದ್ದನ್ನೂ ಕೆರೆದು ಹಾಕಿ, ಎದುರುಮನೆಯ ಬಾಗಿಲು ತಟ್ಟಿದಳು. ಹೇಗೆ ಕೊಡಬೇಕು, ಏನು ಹೇಳಿ ಕೊಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಹೋಟೆಲಿನ ಹಾಗೆ ಇರುದಿಲ್ಲ ಇದು," ಎಂದಳು ಗಡುಸಾಗಿ. "ಬೆಲ್ಲ ಸುರಿಯುವ ಅಭ್ಯಾಸ ನಂಗಿಲ್ಲ."

ಸಾಬವ್ವ ಎರಡೂ ಕೈಯಲ್ಲಿ ಬೋಗುಣಿ ತೆಗೆದುಕೊಂಡು ಇಣುಕಿ ನೋಡಿದಳು. "ನಿಮಗ ಉಳದೈತೇನ್ರಿ ಅಕ್ಕಾರ?"

"ತುಂಬ ಉಂಟು ಮಾರಾಯ್ತಿ," ಎಂದಳು ಮೋಹಿನಿ. ಮನೆಗೆ ಬಂದು, ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡಳು.