ಬಿಡ್ತು ಅನ್ನಿ

ದೆಹಲಿಯ ಓಖ್ಲಾದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಎರಡು ಕೋಣೆ, ಎರಡು ಫೋನು. ಬದುಕು ಬೇಡ ಅನ್ನಿಸಿದವರು, ದಿಕ್ಕು ತೋಚದವರು ಫೋನ್ ಮಾಡುತ್ತಿದ್ದರು, ನಾವು ಕೇಳಿಸಿಕೊಳ್ಳುತ್ತಿದ್ದೆವು. ಇಂಥ ಸಹಾಯವಾಣಿಯಲ್ಲಿ ಕೆಲಸ ಅಂದರೆ ಜನ ಕಣ್ಣರಳಿಸಿ, ಎಂಥ ಪುಣ್ಯದ ಕೆಲಸ ಎನ್ನುತ್ತಾರೆ. ಪುಣ್ಯ ಗಿಣ್ಯ ಏನೂ ಇಲ್ಲ. ಕಿವಿ ಚುರುಕಾಗಿರಬೇಕು, ಬಾಯಿ ಹಿಡಿತದಲ್ಲಿರಬೇಕು. ನನ್ನ ಕಿವಿ ಚೆನ್ನಾಗಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ವಾರಕ್ಕೆ ಮೂರು ದಿನ ಮಗಳನ್ನು ಶಾಲೆಗೆ ಅಟ್ಟಿ, ಬಸ್ಸು ಹಿಡಿದು, ಹತ್ತು ಗಂಟೆಗೆ ಫೋನಿನ ಮುಂದೆ ಕೂತರೆ ಎರಡಕ್ಕೆ ಏಳುತ್ತಿದ್ದೆ.

ನಮ್ಮನ್ನು ತಯಾರು ಮಾಡಿದವರು ಒಬ್ಬ ನಿವೃತ್ತ ನರ್ಸ್, ಪಂಜಾಬಿ ಹೆಂಗಸು. ಎಲ್ಲರಿಗೂ ಅವರು ಮೇಡಂ. ‘ಸೀಧಾ ಪೂಛೋ’ ಎನ್ನುವುದು ಅವರ ಮಂತ್ರ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ಸುತ್ತಿ ಬಳಸದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು, ಇರುವ ಯೋಚನೆಯನ್ನು ಹೊರಗೆ ಹಾಕಲು ಒಂದು ದಾರಿಯಾಗುತ್ತದೆ. ಹೊಸಬರಾದ ನಾವು ಎದುರುಬದುರು ಕೂತು ಈ ಪ್ರಶ್ನೆಯನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಒಬ್ಬರಿಗೊಬ್ಬರು ಕೇಳಿ ನಾಲಿಗೆ ಪಳಗಿಸಿಕೊಂಡೆವು. ಸಬ್ಜಿ ಭಯ್ಯಾನಿಗೆ ಬೆಂಡೆಕಾಯಿ ಎಳೆಯದಾ ಎಂದು ಕೇಳುವಷ್ಟು ಸಲೀಸಾಯಿತು ಅದು. ಕನ್ನಡದಲ್ಲಿ ಅಭ್ಯಾಸ ಮಾಡುವ ಯೋಚನೆ ಯಾರಿಗೂ ಬರಲಿಲ್ಲ, ನನಗೂ.

ಇನ್ನೊಂದು ನಿಯಮವಿತ್ತು. ಫೋನ್ ಮಾಡಿದವರ ಹೆಸರು, ನಂಬರು ನಮಗೆ ಬೇಡ. ನಂಬರು ತೋರಿಸುವ ಫೋನನ್ನೇ ಮೇಡಂ ಇಟ್ಟಿರಲಿಲ್ಲ. ಆ ಭರವಸೆ ಇದ್ದದ್ದರಿಂದಲೇ ಎಷ್ಟೋ ಜನ ಬಾಯಿ ಬಿಡುತ್ತಿದ್ದರು.

ಒಂದು ಮಂಗಳವಾರ ಹನ್ನೊಂದರ ಸುಮಾರಿಗೆ ಫೋನ್ ಬಂತು. ಎಳೆ ಹೆಂಗಸಿನ ದನಿ, ಒಂದೊಂದೇ ಪದ ಜೋಡಿಸುವ ಹಿಂದಿ. ನಿದ್ದೆ ಬರುವುದಿಲ್ಲ ಅಂದಳು. ಹಿಂದೆ ಮಗು ಅಳುತ್ತಿತ್ತು. ಅವಳು ಆ ಕಡೆ ತಿರುಗಿ, ‘ಸುಮ್ನಿರು ಪುಟ್ಟ, ಬಂದೆ’ ಅಂದಳು.

ದೆಹಲಿಯ ಬಸ್ಸಿನಲ್ಲಿ ಒಂದು ಕನ್ನಡ ಪದ ಬಿದ್ದರೆ ಸಾಕು, ನಮ್ಮವರ ಕತ್ತು ತಾನಾಗಿ ತಿರುಗುತ್ತದೆ. ‘ಕನ್ನಡದವರಾ? ಹಾಗಾದ್ರೆ ಕನ್ನಡದಲ್ಲೇ ಹೇಳಿ’ ಅಂದೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಅವಳಾಗಿಯೇ ಆರಿಸಿಕೊಂಡದ್ದು ಹಿಂದಿ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

‘ಅಯ್ಯೋ, ನೀವೂ ನಮ್ಮವರೇನಾ ಅಕ್ಕ? ಯಾವ ಕಡೆಯವರು?’

ಅದಕ್ಕೆ ಉತ್ತರ ಕೊಡಲಿಲ್ಲ, ಆದರೆ ಅಕ್ಕ ಅನ್ನಿಸಿಕೊಂಡಾಗಿತ್ತು. ಅವಳ ಮನೆ ಊರಿನ ಇನ್ನೊಂದು ತುದಿಯ ರೋಹಿಣಿಯಲ್ಲಿ. ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಮಗುವಿಗೆ ಐದು ತಿಂಗಳು. ಬಾಣಂತನ ಮುಗಿಸಿ ಇಲ್ಲಿಗೆ ಬಂದ ಮೇಲೆ ಏನೂ ರುಚಿಸುತ್ತಿಲ್ಲ. ಹಾಲು ಉಕ್ಕುತ್ತಿದ್ದರೆ ನೋಡುತ್ತ ನಿಂತಿರುತ್ತಾಳಂತೆ, ಗ್ಯಾಸ್ ಆರಿಸಲು ಕೈ ಏಳುವುದಿಲ್ಲವಂತೆ. ನಾನು ಹೂಂಗುಟ್ಟುತ್ತಿದ್ದೆ. ಆಮೇಲೆ, ಅದೇ ದನಿಯಲ್ಲಿ ಅವಳು ಅಂದಳು, ‘ನಾನು ಸತ್ತು ಹೋದ್ರೆ ಎಲ್ಲರಿಗೂ ನೆಮ್ಮದಿ ಅಕ್ಕ.’

‘ಬಿಡ್ತು ಅನ್ನಿ!’ ಅಂದೆ.

ಅನ್ನಬೇಕು ಎಂದು ಅಂದದ್ದಲ್ಲ. ನಮ್ಮ ಮನೆಗಳಲ್ಲಿ ಯಾರ ಬಾಯಿಂದ ಅಶುಭ ಬಂದರೂ, ಮೇಲೆ ಓಡಾಡುವ ದೇವತೆಗಳು ಅಸ್ತು ಎನ್ನುವ ಮೊದಲೇ ಹಿರಿಯರು ಬಿಡ್ತು ಅನ್ನಿಸಿ ಆ ಮಾತನ್ನು ವಾಪಸು ತೆಗೆಸುತ್ತಾರೆ. ಮೂರು ತಿಂಗಳ ತರಬೇತಿಗಿಂತ ನಮ್ಮಜ್ಜಿಯ ತರಬೇತಿ ಗಟ್ಟಿಯಾಗಿತ್ತು. ‘ಮೊದಲು ಬಿಡ್ತು ಅನ್ನಿ’ ಎಂದು ಇನ್ನೊಮ್ಮೆ ಗದರಿದೆ ಬೇರೆ.

‘ಬಿಡ್ತು’ ಅಂದಳು, ಟೀಚರ ಮುಂದೆ ನಿಂತ ಮಗುವಿನ ಹಾಗೆ. ಆಮೇಲೆ, ‘ಸರಿ ಅಕ್ಕ, ಮಗು ಅಳ್ತಿದೆ, ಇಡ್ತೀನಿ’ ಅಂದಳು. ಮಗುವಿನ ಅಳು ಆಗಲೇ ನಿಂತಿತ್ತು. ನನ್ನ ಕಿವಿ ಚೆನ್ನಾಗಿತ್ತು ಎಂದೆನಲ್ಲ.

ಎದುರು ಮೇಜಿನ ಮೇಡಂಗೆ ಕನ್ನಡ ಬಾರದು, ಆದರೆ ನನ್ನ ಮುಖ ಓದಲು ಬರುತ್ತಿತ್ತು. ‘ಕ್ಯಾ ಬೋಲಾ ತುಮ್ನೇ?’ ಎಂದು ಕೇಳಿದರು. ಬಿಡ್ತು ಅಂದರೇನು ಎಂದು ಪಂಜಾಬಿಯೊಬ್ಬರಿಗೆ ಬಿಡಿಸಿ ಹೇಳುವಷ್ಟರಲ್ಲಿ ನಾನೇ ಸಣ್ಣವಳಾದೆ. ಅವರು ಬೈಯಲಿಲ್ಲ. ‘ಇಷ್ಟು ಹೇಳೋಕೆ ಅವಳಿಗೆ ಅವಳಮ್ಮ ಇದ್ದರು. ನಮಗೆ ಯಾಕೆ ಫೋನ್ ಮಾಡಿದಳು?’ ಎಂದರು ಹಿಂದಿಯಲ್ಲಿ. ಬೈದಿದ್ದರೆ ವಾಸಿ ಇತ್ತು.

ಹಿಂದಿಯಲ್ಲಿ ಅವಳು ಯಾರೋ, ನಾನು ಯಾರೋ. ಏನು ಬೇಕಾದರೂ ಹೇಳಬಹುದಿತ್ತು. ಕನ್ನಡಕ್ಕೆ ಎಳೆತಂದು ಅವಳನ್ನು ತಂಗಿ ಮಾಡಿಕೊಂಡೆ, ತಂಗಿಯ ಬಾಯಿ ಮುಚ್ಚಿಸಿದೆ. ಈಗ ಅವಳು ಒಂದು ಮನೆಯಲ್ಲಿ ಮಗುವಿನ ಜೊತೆ ಒಬ್ಬಳೇ ಇದ್ದಾಳೆ, ಆ ಮನೆ ಸಾವಿರಾರು ಮನೆಗಳ ರೋಹಿಣಿಯಲ್ಲಿ ಎಲ್ಲೋ ಇದೆ. ತಿರುಗಿ ಫೋನ್ ಮಾಡಲು ನಂಬರಿಲ್ಲ.

ಮೂರು ದಿನದ ಕೆಲಸಕ್ಕೆ ಆರು ದಿನ ಹೋಗತೊಡಗಿದೆ. ಹೋದ ಕೂಡಲೇ ಹಿಂದಿನ ಪಾಳಿಯವರ ರಿಜಿಸ್ಟರ್ ತೆಗೆದು, ಸಣ್ಣ ಮಗುವಿನ ತಾಯಿ ಯಾರಾದರೂ ಇದ್ದಾರಾ ಎಂದು ಹುಡುಕುತ್ತಿದ್ದೆ. ಪೇಪರಿನಲ್ಲಿ ರೋಹಿಣಿ ಎಂಬ ಅಕ್ಷರ ಕಂಡರೆ ಆ ಸುದ್ದಿಯನ್ನು ಕೊನೆಯವರೆಗೆ ಓದದೆ ಕೆಳಗಿಡುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಅದನ್ನು ಬೇರೆ ಹೆಸರಿಂದ ಕರೆಯುವುದು ಬೇಡ.

ಮನೆಯಲ್ಲಿ ಅಭ್ಯಾಸಕ್ಕೆ ಶುರುಮಾಡಿದೆ. ಚಪಾತಿ ಲಟ್ಟಿಸುತ್ತ ಗೋಡೆಗೆ ಕೇಳಿದೆ, ‘ನಿಮಗೆ ಸಾಯಬೇಕು ಅನ್ನಿಸ್ತಿದೆಯಾ?’ ಹಾಲ್‌ನಲ್ಲಿ ದೀಪ ಹಾಕಿ ಪೇಪರು ಹಿಡಿದಿದ್ದ ಗಂಡ ಬೆಚ್ಚಿಬಿದ್ದು, ‘ಮುಸ್ಸಂಜೇಲಿ ಎಂಥ ಮಾತು ಆಡ್ತೀಯೆ, ಬಿಡ್ತು ಅನ್ನು!’ ಎಂದರು. ‘ಅನ್ನಲ್ಲ’ ಎಂದೆ. ಅವರು ಪೇಪರು ಮಡಿಸಿಟ್ಟು ಅಡುಗೆಮನೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಪಾಪ, ಅವರಿಗೆ ವಿಷಯ ಹೇಳುವ ಹಾಗಿರಲಿಲ್ಲ. ಆಫೀಸಿನ ಕೆಲಸ ಅಂದೆ. ನಂಬಿದರೋ ಇಲ್ಲವೋ, ಆ ರಾತ್ರಿ ಪಾತ್ರೆ ತೊಳೆದುಕೊಟ್ಟರು.

ಹನ್ನೊಂದನೆಯ ದಿನ ಫೋನ್ ಬಂತು.

‘ಅಕ್ಕ, ನೀವೇನಾ?’

‘ನಾನೇ.’

‘ಇವತ್ತು ಹೇಳಬಹುದಾ?’

ಅವಳು ಅನುಮತಿ ಕೇಳುತ್ತಿದ್ದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

‘ಹೇಳಿ. ಅವತ್ತು ನಾನು ಹಾಗನ್ನಬಾರದಿತ್ತು. ತಪ್ಪಾಯ್ತು’ ಅಂದೆ. ಆಮೇಲೆ ಗೋಡೆಗೆ ಕೇಳಿದ್ದನ್ನು ಅವಳಿಗೆ ಕೇಳಿದೆ. ‘ಸಾಯಬೇಕು ಅನ್ನಿಸ್ತಿದೆಯಾ?’

ಕೆಳಗಿನ ಪ್ರೆಸ್ಸಿನ ಸದ್ದಿನಲ್ಲಿ ಅವಳ ಮಾತು ತಪ್ಪದಿರಲಿ ಎಂದು ರಿಸೀವರನ್ನು ಕಿವಿಗೆ ಒತ್ತಿಕೊಂಡೆ.

‘ಹೂಂ. ದಿನಾ.’

‘ಇವತ್ತು?’

‘ಇವತ್ತು ಜಾಸ್ತಿ.’

ಅಳು ಬಂತು ಅವಳಿಗೆ, ತುಂಬ ಹೊತ್ತು. ನಾನು ಸಮಾಧಾನ ಮಾಡಲಿಲ್ಲ, ಅಲ್ಲೇ ಇದ್ದೆ. ಅತ್ತು ಮುಗಿದ ಮೇಲೆ, ಈಗಲೇ ಜೊತೆಗೆ ಬಂದು ಕೂರುವವರು ಯಾರಿದ್ದಾರೆ ಎಂದು ಕೇಳಿದೆ. ಕೆಳಗಿನ ಮನೆಯ ಸರ್ದಾರ್ನಿ ಆಂಟಿ ಒಬ್ಬರಿದ್ದರು. ಹೋಗಿ ಕರೆದುಕೊಂಡು ಬನ್ನಿ, ಫೋನ್ ಇಡಬೇಡಿ, ಪಕ್ಕಕ್ಕಿಟ್ಟು ಹೋಗಿ, ನಾನು ಕಾಯುತ್ತೇನೆ ಎಂದೆ.

ಅವಳು ಹೋದಳು. ರೋಹಿಣಿಯ ಆ ಖಾಲಿ ಕೋಣೆಯನ್ನು ನಾನು ಓಖ್ಲಾದಲ್ಲಿ ಕೂತು ಕೇಳಿದೆ. ಫ್ಯಾನು ತಿರುಗುತ್ತಿತ್ತು. ಮಗು ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಅವಳು ಆಂಟಿಯ ಮನೆಗೇ ಹೋದಳಾ ಎಂದು ನನಗೆ ಹೇಗೆ ಗೊತ್ತಾಗಬೇಕು? ಮೇಡಂ ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು. ಕೊನೆಗೆ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದು ಕೇಳಿಸಿತು.

‘ಹಾಂ ಜೀ, ಬೋಲಿಯೇ’ ಎಂದಿತು ಏದುಸಿರಿನ ದಪ್ಪ ದನಿ.

ಗಂಡ ಬರುವವರೆಗೆ ಅವಳನ್ನು ಒಬ್ಬಳೇ ಬಿಡುವುದಿಲ್ಲ ಎಂದರು ಆಂಟಿ. ಡಾಕ್ಟರಿಗೆ ತೋರಿಸಬೇಕು ಎಂದೆ, ಬೆಳಿಗ್ಗೆ ಆಸ್ಪತ್ರೆಗೆ ಅವಳ ಜೊತೆ ತಾವೂ ಹೋಗುವುದಾಗಿ ಹೇಳಿದರು.

ಮರುದಿನ ಒಂದು ಗಂಟೆಗೆ ಆಸ್ಪತ್ರೆಯ ಎದುರಿನ ಬೂತಿನಿಂದ ಅವಳು ಫೋನ್ ಮಾಡಿದಳು. ಬಸ್ಸುಗಳ ಗಲಾಟೆಯಲ್ಲಿ ಕೂಗಿ ಮಾತಾಡುತ್ತಿದ್ದಳು. ಬಾಣಂತಿಯರಿಗೆ ಹೀಗಾಗುವುದುಂಟು, ವಾಸಿಯಾಗುತ್ತದೆ ಎಂದು ಹೇಳಿ ಡಾಕ್ಟರು ಮಾತ್ರೆ ಕೊಟ್ಟಿದ್ದರು, ವಾರ ಬಿಟ್ಟು ಬಾ ಎಂದಿದ್ದರು.

‘ಡಾಕ್ಟ್ರಿಗೆ ಎಲ್ಲಾ ಹೇಳಿದ್ರಾ?’ ಎಂದೆ.

‘ಎಲ್ಲಾ ಹೇಳ್ದೆ ಅಕ್ಕ. ಸಾಯಬೇಕು ಅನ್ಸತ್ತೆ ಅಂತಾನೂ ಹೇಳ್ದೆ. ಅವರು ಬಿಡ್ತು ಅನ್ನು ಅನ್ನಲಿಲ್ಲ.’ ಆಮೇಲೆ ತಾನೇ, ‘ಹಿಂದಿಯವರಲ್ವಾ’ ಎಂದು ನಕ್ಕಳು.

ಅವಳ ನಗು ಕೇಳಿದ್ದು ಅದೇ ಮೊದಲು. ಮೇಡಂ, ‘ಕ್ಯಾ ಬೋಲೀ?’ ಎಂದು ಕೇಳಿದರು. ಹೇಳಲು ಹೋದೆ, ಯಾವ ಭಾಷೆಯೂ ಬರಲಿಲ್ಲ.