ಅಕ್ಕನ ಸೀಟು

ನಮ್ಮಕ್ಕ ಪುಡಿಯಾಗಿ ಬಂದಳು, ಅವಳ ಕಾರು ಇಡಿಯಾಗಿ ಬಂತು. ಅವ್ವನ ಪ್ರಕಾರ ಮನೆಗೆ ಬಂದದ್ದು ಕಾರು ಮಾತ್ರ.

ಅಕ್ಕ ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮದುವೆ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ಒಂದು ದಡ ಮುಟ್ಟಿಸಿದವಳು ಅವಳೇ. ಒಂದು ಬೆಳಿಗ್ಗೆ ಡ್ಯೂಟಿಯಲ್ಲೇ ಕುಸಿದು ಬಿದ್ದಳಂತೆ, ತಲೆಯೊಳಗೆ ನರ ಒಡೆದಿತ್ತಂತೆ. ನಮಗೆ ವೀಸಾ ಸಿಗುವಷ್ಟರಲ್ಲಿ ಅಲ್ಲಿನ ಗೆಳತಿಯರೇ ಸುಡುವ ಕೆಲಸ ಮುಗಿಸಿದರು. ಅವರನ್ನು ದೂರಲಾರೆ. ಎಷ್ಟು ದಿನ ಅಂತ ಆ ತಣ್ಣನೆ ಪೆಟ್ಟಿಗೆಯಲ್ಲಿ ಮಲಗಿಸಿಡುತ್ತಾರೆ?

ಆಮೇಲೆ ಬಂದದ್ದು ಹಸಿರು ಪ್ಲಾಸ್ಟಿಕ್ಕಿನ ಒಂದು ಡಬ್ಬಿ. ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದೆವು. ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಮುಚ್ಚಳ ತೆಗೆದಾಗ ಅವ್ವ ಒಳಗೆ ಬಗ್ಗಿ ನೋಡಿದಳು. ಸಣ್ಣ ಜರಡಿಯಲ್ಲಿ ಹಿಡಿದ ಹಿಟ್ಟಿನಂಥ ಬೂದು ಪುಡಿ.

"ಇದ್ರಾಗೆ ಮೂಳೆ ಎಲ್ಲಮ್ಮಿ?" ಎಂದಳು.

"ಅಲ್ಲಿ ಮೆಷಿನ್‌ಗೆ ಹಾಕಿ ಪುಡಿ ಮಾಡ್ತಾರೆ ಕಣವ್ವ."

"ಪುಡಿ ಮಾಡ್ಬುಟ್ರೆ ಯಾರ್ದು ಅಂತ ಯಂಗ್ ಹೇಳದು? ಯಾವ್ದೋ ಒಲೆ ಬೂದಿ ಕಳ್ಸವ್ರೆ. ನನ್ ಮಗಳಲ್ಲ ಇದು."

ಪುರೋಹಿತರು ಎಷ್ಟೋ ಸಮಾಧಾನ ಹೇಳಿದರು. ಅವ್ವ ಡಬ್ಬಿ ಮುಟ್ಟಲಿಲ್ಲ. ನಾನೇ ನೀರಿಗೆ ಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಆಚೆ ದಡದ ಕಡೆ ನೋಡುತ್ತಾ ನಿಂತಿದ್ದಳು.

ನಮ್ಮ ಕಡೆ ಸತ್ತ ಮೂರನೇ ದಿನಕ್ಕೆ, ಮಣ್ಣು ಮಾಡಿದ ಜಾಗಕ್ಕೋ ಸುಟ್ಟ ಜಾಗಕ್ಕೋ ಹೋಗಿ ಹಾಲು ತುಪ್ಪ ಬಿಡುತ್ತಾರೆ. ಹೆತ್ತವರು, ಒಡಹುಟ್ಟಿದವರು, ನೆಂಟರು ಒಬ್ಬರಾದ ಮೇಲೆ ಒಬ್ಬರು ಬಿಟ್ಟು, ತಿರುಗಿ ನೋಡದೆ ಬರಬೇಕು. ಅದು ಬಿದ್ದ ಮೇಲೆಯೇ ಹೋದ ಜೀವ ತಣ್ಣಗಾಗುವುದು, ಅಲೆಯುವುದನ್ನು ಬಿಟ್ಟು ಒಂದು ಕಡೆ ನಿಲ್ಲುವುದು. ಅಕ್ಕನಿಗೆ ಆ ಜಾಗವೇ ಇರಲಿಲ್ಲ. ಹೊಳೆಗೇ ಬಿಡೋಣ ಎಂದು ನಾನಂದಾಗ ಅವ್ವ ಉರಿದುಬಿದ್ದಳು. "ಹೊಳೆಗ್ ಬುಟ್ರೆ ಮೀನ್ ಕುಡಿತಾವೆ. ನನ್ ಮಗಳ ಬಾಯ್ಗೆ ಯಂಗ್ ಹೋದಾದು?"

ತಿಥಿ ಮಾಡಿದೆವು, ಊಟ ಹಾಕಿದೆವು. ಹಾಲು ತುಪ್ಪ ಮಾತ್ರ ಉಳಿದೇಹೋಯಿತು. ಕೆ.ಆರ್. ಪೇಟೆಯ ನಮ್ಮ ಮನೆಯಲ್ಲಿ ಅವ್ವ ಅಂದಿನಿಂದ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ. "ಅವ್ಳು ಇನ್ನೂ ಓಡಾಡ್ತಾವ್ಳೆ. ಬಂದ್ರೆ ಬಾಗ್ಲು ಬಡ್ಕಂಡು ನಿಂತ್ಕಬೇಕಾ?" ಎನ್ನುವಳು. ತಟ್ಟೆಯ ಮುಂದೆ ಕೂತವಳು ತುತ್ತು ಕೈಯಲ್ಲಿ ಹಿಡಿದು ಬೀದಿ ಕಡೆ ಕಿವಿ ಕೊಡುವಳು. ದಿನದಿನಕ್ಕೆ ಸೊರಗಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಬಯ್ದೆ, ಕೂಗಾಡಿದೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅಕ್ಕನ ಹಿಂದೆ ಅವ್ವನೂ ಹೊರಟುಬಿಟ್ಟಾಳೆಂಬ ಭಯ ನನ್ನನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ಅಲ್ಲಿನ ಗೆಳತಿಯೊಬ್ಬಳು ಫೋನು ಮಾಡಿದಳು. ಅಕ್ಕನ ಕಾರು ಹಾಗೇ ನಿಂತಿದೆ, ಏನು ಮಾಡಲಿ ಎಂದು. ನಮ್ಮ ಯಜಮಾನರು, "ಅಲ್ಲೇ ಮಾರ್ಬುಡಿ ಅನ್ನು, ತಲೆನೋವು ಯಾಕೆ?" ಎಂದರು. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವ್ವ ಗೋಡೆಗೊರಗಿದ್ದವಳು ನೆಟ್ಟಗೆ ಕೂತಳು.

"ಅವ್ಳು ದಿನಾ ಕೂತ್ಕತಿದ್ದ ಗಾಡಿ ಅಲ್ವಾ? ಅವ್ಳ ದುಡ್ನಾಗೇ ತರ್ಸು. ಅವ್ಳ ದುಡ್ನಾಗೇ ಅವ್ಳ್‌ನ ಮನೆಗ್ ಕರ್ಕಂಡ್ ಬಾ."

ಶ್ರೀರಂಗಪಟ್ಟಣದಲ್ಲಿ ಲಾರಿ ವ್ಯವಹಾರದ ಜೊತೆಗೆ ಇಂಥ ಕಾಗದಪತ್ರದ ಕೆಲಸ ಮಾಡಿಸಿಕೊಡುವ ಒಬ್ಬ ಭಾಯಿ ಇದ್ದರು. ಎತ್ತರದ, ದಪ್ಪನೆಯ ಆಸಾಮಿ. ನಕ್ಕರೆ ಕುರ್ಚಿಯೂ ಅಲುಗಾಡುತ್ತಿತ್ತು. ನಾನು ವಿಷಯ ಹೇಳಿದಾಗ ನಗಲಿಲ್ಲ. "ದುಬೈ ಗಾಡಿ ಆಗಿದ್ರೆ ಎಡಗಡೆ ಸ್ಟೀರಿಂಗು ಮೇಡಂ, ಆಗ್ತಿರ್ಲಿಲ್ಲ. ಇದು ನಮ್ಮಂಗೇ ಬಲಗಡೆ, ಹೊಸಾ ಗಾಡಿ ಬೇರೆ. ತೀರ್ಕೊಂಡೋರ ಗಾಡಿನ ವಾರಸುದಾರ್ರು ತರ್ಸ್ಕೋಬಹುದು. ಆದ್ರೆ ಕಸ್ಟಮ್ಸ್ ಸುಂಕ ಗಾಡಿಗಿಂತ ಜಾಸ್ತಿ ಬೀಳ್ತದೆ. ಕಸಮ್ ಸೆ, ಸುಳ್ ಹೇಳಲ್ಲ ನಾನು."

ವಾರಸುದಾರಳು ಅವ್ವ. ಅದಕ್ಕೆ ನಮ್ಮ ಹುಟ್ಟೂರು ಸೇರುವ ಕಿಕ್ಕೇರಿಯ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಬೇಕಾಯಿತು. ಅಕ್ಕನ ಹೆಸರಿನ ಪಕ್ಕದಲ್ಲಿ 'ಮೃತ' ಎಂದಿತ್ತು. ಅವ್ವನಿಗೆ ಓದಲು ಬರುವುದಿಲ್ಲ, ಆದರೂ ಬೆರಳಿಟ್ಟು, "ಇಲ್ಲೇನ್ ಬರ್ದವ್ರೆ?" ಎಂದು ಕೇಳಿದಳು. ಹೇಳಿದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡಿದ್ದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಒತ್ತದಿದ್ದರೆ ಗಾಡಿ ಬರುವುದಿಲ್ಲ ಎಂದು ನಾನು ಗದರಿಸಿದ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಒತ್ತಿದಳು.

ಕಾರು ಹಡಗಿನಲ್ಲಿ ಮುಂಬಯಿಗೆ ಬಂತು. ಅಲ್ಲಿ ತಪಾಸಣೆ, ಬೆಲೆ ಕಟ್ಟುವುದು, ಸುಂಕ, ಸುಂಕದ ಮೇಲೊಂದು ಸುಂಕ. ಸತ್ತವಳ ಉಳಿತಾಯವೆಲ್ಲ ಅದಕ್ಕೇ ಸರಿಹೋಯಿತು. ಕೊನೆಗೆ ಬೆಂಗಳೂರಿಗೆ ಬಂದು ಅಲ್ಲಿಂದ ಮಂಗಳೂರಿನ ಕಡೆ ಹೊರಟಿದ್ದ ಟ್ರೇಲರೊಂದು ಅದನ್ನು ಬೆಳ್ಳೂರು ಕ್ರಾಸಿನಲ್ಲಿ ಇಳಿಸಿತು. ಭಾಯಿ ತಾತ್ಕಾಲಿಕ ನಂಬರು ಅಂಟಿಸಿ, ಅಲ್ಲಿಂದ ತಾವೇ ಓಡಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಬೂದು ಬಣ್ಣದ ಕಾರು. ಅವ್ವ ಆರತಿ ತರಲಿಲ್ಲ, ನಿಂಬೆಹಣ್ಣು ಇಡಲಿಲ್ಲ. ಹತ್ತಿರ ಬಂದು ಬಾಗಿಲ ಹಿಡಿಕೆಯನ್ನು ಸವರಿದಳು, ಮಗುವಿನ ಕೈ ಸವರುವ ಹಾಗೆ.

ಭಾಯಿ ತಂದದ್ದು ಹಡಗಿನವರಿಗೆ ಕೊಟ್ಟಿದ್ದ ಇನ್ನೊಂದು ಕೀ. ಅಕ್ಕ ದಿನಾ ಬಳಸುತ್ತಿದ್ದ ಕೀ ಅವಳ ಕೈಚೀಲದ ಜೊತೆ ಮೊದಲೇ ನಮ್ಮ ಮನೆಗೆ ಬಂದಿತ್ತು. ಅವ್ವ ಅದನ್ನು ಸೊಂಟದ ಚೀಲದಿಂದ ತೆಗೆದು ನನ್ನ ಕೈಗಿಟ್ಟಳು. "ಅವ್ಳ ಬೀಗದ್ ಕೈನಲ್ಲಿ ತಗಿ."

ಗುಂಡಿ ಒತ್ತಿ ಬಾಗಿಲು ತೆರೆದೆ. ಒಳಗೆ ಯಾರೂ ಇಲ್ಲ. ಗುಂಯ್ ಎಂದು ಸಣ್ಣ ಸದ್ದು ಮಾಡುತ್ತಾ ಡ್ರೈವರ್ ಸೀಟು ತಾನಾಗಿ ಮುಂದಕ್ಕೆ ಬಂತು. ಸ್ಟೀರಿಂಗಿಗೆ ತಾಗುವಷ್ಟು ಹತ್ತಿರ ಬಂದು, ಒಂದಿಷ್ಟು ಮೇಲೆದ್ದು ನಿಂತಿತು. ಪಕ್ಕದ ಕನ್ನಡಿಗಳೂ ಕೆಳಗೆ ಬಗ್ಗಿದವು.

ನಾನು ಹಿಡಿದಿದ್ದ ಬಾಗಿಲನ್ನು ಬಿಟ್ಟುಬಿಟ್ಟೆ. ಯಾಕೆಂದರೆ ನಮ್ಮಕ್ಕ ಕುಳ್ಳಿ. ತಂಗಿಯಾದ ನಾನು ಗಳದ ಹಾಗೆ ಬೆಳೆದೆ, ಅವಳು ನನ್ನ ಭುಜಕ್ಕೆ ನಿಂತುಬಿಟ್ಟಳು. ವಿಡಿಯೋ ಕಾಲಿನಲ್ಲಿ ಕಾರು ತೋರಿಸುವಾಗ ಎದೆಗೆ ಸ್ಟೀರಿಂಗು ತಾಗಿಸಿಕೊಂಡು ಕೂತಿರುತ್ತಿದ್ದಳು. "ಏನಕ್ಕಾ, ರಾಗಿ ಬೀಸೋಕೆ ಕೂತಿದ್ದೀಯಾ?" ಎಂದು ನಾನು ರೇಗಿಸುತ್ತಿದ್ದೆ. "ಹೋಗೆ ಒಂಟೆ," ಎನ್ನುತ್ತಿದ್ದಳು. ಆ ಸೀಟು ಬಂದು ನಿಂತದ್ದು ಸರಿಯಾಗಿ ಅಲ್ಲಿಗೇ.

"ಹೆದ್ರ್‌ಬೇಡಿ ಮೇಡಂ," ಎಂದರು ಭಾಯಿ. "ಆ ಕೀಗೆ ಅವರ ಅಳತೆ ಸೆಟ್ಟಾಗಿರ್ತದೆ. ಬಾಗ್ಲು ತೆಗೆದ್ರೆ ಸೀಟು ಮುಂದೆ ಬರ್ತದೆ, ಲಾಕ್ ಮಾಡಿದ್ರೆ ಹಿಂದೆ ಹೋಗ್ತದೆ. ಸೀಟಿನಡಿ ಮೋಟ್ರು, ಕಂಪ್ಯೂಟ್ರು ಎಲ್ಲಾ ಐತೆ." ಹಾಗೆ ಹೇಳಿದವರು ಎರಡು ಹೆಜ್ಜೆ ಹಿಂದೆ ಸರಿದು ಬಾಯೊಳಗೇ ಏನೋ ಹೇಳಿಕೊಂಡರು.

ಅವ್ವನಿಗೆ ಆ ಮಾತು ಕೇಳಿಸಲೇ ಇಲ್ಲ. "ಬಂದ್ಲು," ಎಂದಳು. ಅಷ್ಟೇ.

ಅಂದಿನಿಂದ ಸಂಜೆಯಾದರೆ ಅವ್ವ ಕೀ ಹಿಡಿದು ಅಂಗಳಕ್ಕೆ ಹೋಗುವಳು. ಬಾಗಿಲು ತೆರೆಯುವಳು. ಸೀಟು ಮುಂದಕ್ಕೆ ಬರುವುದು. ಪಕ್ಕದ ಸೀಟಿನಲ್ಲಿ ಕೂತು ಮಾತಾಡುವಳು: ಮನೆಯ ಎಮ್ಮೆ ಗಬ್ಬವಾದದ್ದು, ಸಿಂಧಘಟ್ಟದ ಅತ್ತೆಗೆ ಕಣ್ಣಿನ ಪೊರೆ ಬಂದದ್ದು, ನಾನು ಬೆಳಿಗ್ಗೆ ಬಯ್ದದ್ದು. ಕತ್ತಲಾಗುವಾಗ ಇಳಿದು ಬೀಗ ಒತ್ತುವಳು. ಸೀಟು ಹಿಂದಕ್ಕೆ ಸರಿಯುವುದು. ಗಾಜಿಗೆ ಮುಖ ಒತ್ತಿಕೊಂಡು ಅದನ್ನೇ ನೋಡುವಳು.

"ಬತ್ತಾಳೆ, ಕೂತ್ಕತಾಳೆ, ಮತ್ತೆ ಎದ್ದೋಯ್ತಾಳೆ ಕಣಮ್ಮಿ. ಎಲ್ಗೋಯ್ತಾಳೆ ಅಂತ ನಂಗ್ ಗೊತ್ತಾಯ್ತಿಲ್ಲ. ಕೂಸ್ಗೆ ಒಂದ್ ಗಳ್ಗೆ ನಿಂತ್ಕಳಕ್ ಜಾಗ ಇಲ್ಲ."

ಅಯ್ಯೋ, ಕಾರು ತರಿಸಿ ನಾನೇ ಕೇಡು ತಂದುಕೊಂಡೆನಲ್ಲಾ ಎಂದು ತಲೆ ಚಚ್ಚಿಕೊಂಡೆ. ಅದು ಮೋಟಾರು ಎಂದು ನನಗೆ ಗೊತ್ತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು. ಆದರೂ ಅಡುಗೆಮನೆಯಲ್ಲಿ ನಿಂತಿದ್ದಾಗ ಅಂಗಳದಿಂದ ಆ ಗುಂಯ್ ಸದ್ದು ಕೇಳಿದರೆ ಕೈಯ ಸೌಟು ನಿಂತುಹೋಗುತ್ತಿತ್ತು. ಅವ್ವನ ಊಟ ಎರಡು ತುತ್ತಿಗೆ ಇಳಿದಿತ್ತು.

ಭಾಯಿ ಫೋನು ಮಾಡಿ, ಸೋಮವಾರ ನಾಗಮಂಗಲದ ಆರ್‌ಟಿಓ ಆಫೀಸಿಗೆ ಗಾಡಿ ತೋರಿಸಬೇಕು ಎಂದರು. ಜೀವಾವಧಿ ತೆರಿಗೆ ಎಷ್ಟೆಂದು ಹೇಳಿದಾಗ ನನಗೆ ರೇಗಿಹೋಯಿತು. ಗಾಡಿಯ ಬೆಲೆಗೆ ಮುಂಬಯಿಯ ಸುಂಕವನ್ನೂ ಕೂಡಿಸಿ, ಆ ಒಟ್ಟಿನ ಮೇಲೆ ಇಲ್ಲಿ ತೆರಿಗೆ! "ಜೀವವೇ ಇಲ್ಲದೋಳ ಗಾಡಿಗೆ ಜೀವಾವಧಿ ತೆರಿಗೆ ಬೇರೆ," ಎಂದು ಒದರಿದೆ.

ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಅಲ್ಲಿ ಏನ್ ಮಾಡ್ತಾರಮ್ಮಿ?"

"ನೋಡ್ತಾರೆ, ತೆರಿಗೆ ಕಟ್ಟಿಸ್ಕೊತಾರೆ. ಹೊಸಾ ನಂಬರು ಕೊಡ್ತಾರೆ. ಗಾಡಿ ನಿನ್ ಹೆಸ್ರಿಗೆ ಆಗತ್ತೆ."

"ನನ್ ಹೆಸ್ರಿಗಾ? ಅಂಗಾದ್ರೆ ಅದು ಅವ್ಳ್ದಲ್ಲ." ಒಲೆಯ ಕಡೆ ನೋಡುತ್ತಾ, "ಇವತ್ತೇ ಆಗ್ಬೇಕು," ಎಂದಳು. ಏನು ಎಂದು ನಾನು ಕೇಳುವಷ್ಟರಲ್ಲಿ ಎದ್ದು ಹಿತ್ತಲಿಗೆ ಹೋದಳು.

ಅದು ಭಾನುವಾರ. ತಲೆಗೆ ನೀರು ಹಾಕಿಕೊಂಡು ನಾನು ಕೂದಲು ಒರೆಸುತ್ತಾ ಹೊರಗೆ ಬಂದೆ. ಕಾರಿನ ಬಾಗಿಲು ತೆರೆದಿತ್ತು, ಸೀಟು ಮುಂದೆ ಬಂದು ನಿಂತಿತ್ತು. ಒದ್ದೆ ಸೀರೆಯಲ್ಲಿ ಅವ್ವ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದು ಚೊಂಬು ಹಾಲು, ಬಟ್ಟಲಲ್ಲಿ ಆಗತಾನೇ ಕಾಸಿದ ತುಪ್ಪ. ತುಳಸಿ ದಳ ಅದ್ದಿ ಅದ್ದಿ ಸೀಟಿನ ಮೇಲೆ ಬಿಡುತ್ತಿದ್ದಳು. ಆಮೇಲೆ ಅಕ್ಕ ಕಾಲಿಡುತ್ತಿದ್ದ ಜಾಗಕ್ಕೆ. ಹಾಲು ಸೀಟಿನ ಸಂದಿಯಿಂದ ಒಳಕ್ಕೆ ಇಳಿಯುತ್ತಿತ್ತು.

"ಅವ್ವಾ! ಏನ್ ಮಾಡ್ತಿದ್ದೀಯಾ? ಬುಡು, ಬುಡು! ಅದರಡಿ ಕರೆಂಟಿದೆ, ಎಲ್ಲಾ ಸುಟ್ಟೋಗತ್ತೆ! ನಾಳೆ ಆಫೀಸಿಗೆ ಒಯ್ಯೋ ಗಾಡಿ!" ಎಂದು ಕಿರುಚುತ್ತಾ ಓಡಿದೆ. ಅವಳ ರಟ್ಟೆ ಹಿಡಿದು ಎಳೆದೆ.

ಅವ್ವ ಕೊಸರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಅಕ್ಕ ಸತ್ತ ಸುದ್ದಿ ಬಂದ ದಿನವೂ ಅಳದಿದ್ದ ಕಣ್ಣುಗಳು ಈಗ ತುಂಬಿ ಹರಿಯುತ್ತಿದ್ದವು.

"ಸತ್ತೋಯ್ತಲ್ಲಮ್ಮಿ ನನ್ ಕೂಸು," ಎಂದಳು.

ಅಷ್ಟು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನನ್ನ ಕೈ ಸಡಿಲವಾಯಿತು. ಅವ್ವ ಚೊಂಬನ್ನು ನನ್ನ ಕಡೆ ಚಾಚಿದಳು. "ನೀನೂ ಬುಡು. ಒಡಹುಟ್ಟಿದೋಳು ನೀನೊಬ್ಳೇ. ನೀ ಬುಡದಿದ್ರೆ ಅವ್ಳಿಗೆ ಸೇರಲ್ಲ."

ಸೀಟಿನಡಿ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಲು ಇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಚೊಂಬು ತೆಗೆದುಕೊಂಡು ಅಷ್ಟನ್ನೂ ಬಿಟ್ಟೆ. ತುಪ್ಪವನ್ನೂ ಬಿಟ್ಟೆ. "ಹೋಗಕ್ಕಾ," ಅನ್ನಲು ಹೋದೆ, ಬಾಯಿಗೆ ಬಂದದ್ದು "ಕೂತ್ಕೋ ಅಕ್ಕಾ". ಆಮೇಲೆ ಇಬ್ಬರೂ ತಿರುಗಿ ನೋಡದೆ ಹೋಗಿ ಕಾಲು ತೊಳೆದುಕೊಂಡು ಒಳಗೆ ಸೇರಿದೆವು. ಅವ್ವ ತಾನೇ ಬಾಗಿಲ ಚಿಲಕ ಹಾಕಿದಳು, ಒಂದು ಮುದ್ದೆ ಪೂರ್ತಿ ಉಂಡಳು.

ಮಾರನೇ ಬೆಳಿಗ್ಗೆ ಭಾಯಿ ಬಂದು ಕಾರಿನೊಳಗೆ ಬಗ್ಗಿ ಮೂಗು ಮುಚ್ಚಿಕೊಂಡರು. ಹಾಲು ಹುಳಿಯಾಗಿತ್ತು, ಇರುವೆ ಸಾಲು ಹಿಡಿದಿತ್ತು. ಸೀಟು ರಾತ್ರಿಯೆಲ್ಲ ಮುಂದೆಯೇ ನಿಂತಿತ್ತು. ಬೀಗ ಒತ್ತಿದರು, ತೆಗೆದರು, ಎಲ್ಲ ಗುಂಡಿಗಳನ್ನೂ ಅದುಮಿದರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. "ಯಾ ಅಲ್ಲಾ, ಇದರೊಳಗೆ ನಾನ್ ಹೆಂಗೆ ಹಿಡಿಸ್ಲಿ ಮೇಡಂ?" ಎಂದರು. ಸ್ಟೀರಿಂಗಿಗೂ ಸೀಟಿಗೂ ನಡುವೆ ಅವರ ಹೊಟ್ಟೆಗೆ ಜಾಗವೇ ಇರಲಿಲ್ಲ.

ಅವ್ವ ದೂರದಿಂದಲೇ ನೋಡಿದಳು. "ಇಷ್ಟ್ ದಿನ ಓಡಾಡ್ತಿದ್ಲು. ಈಗ ಕೂತ್ಕಂಡ್ಲು ಬುಡು," ಎಂದಳು. ಮತ್ತೆ ಆ ಕಾರಿನ ಹತ್ತಿರ ಹೋಗಲಿಲ್ಲ.

ಕೊನೆಗೆ ಓಡಿಸಿದವಳು ನಾನು. ಮಂಡಿಗಳು ಸ್ಟೀರಿಂಗಿನ ಎರಡೂ ಕಡೆ ಎದ್ದು, ತಲೆ ಛಾವಣಿಗೆ ತಾಗುತ್ತಿತ್ತು. ಭಾಯಿ ಹಿಂದಿನ ಸೀಟಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತರು. ಕನ್ನಡಿಗಳು ಅಕ್ಕನ ಕಣ್ಣಿನ ಮಟ್ಟಕ್ಕೇ ನಿಂತುಬಿಟ್ಟಿದ್ದವು. ರಸ್ತೆ ಕಾಣಬೇಕಾದರೆ ಕುತ್ತಿಗೆ ತಗ್ಗಿಸಿ ಅವಳಷ್ಟು ಗಿಡ್ಡವಾಗಬೇಕು. ನಾಗಮಂಗಲದವರೆಗೂ ಹಾಗೆಯೇ ಬಗ್ಗಿಕೊಂಡು ಹೋದೆ.

ಅಲ್ಲಿ ಇನ್ಸ್‌ಪೆಕ್ಟರು ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಒಳಗೆ ಬಗ್ಗಿದವರು ವಾಸನೆಗೆ ಮುಖ ಹಿಂಡಿದರು. ಸೀಟು ನೋಡಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇದನ್ನ ಓಡ್ಸೋರು ಯಾರಮ್ಮಾ?"

"ನಮ್ಮಕ್ಕ," ಎಂದುಬಿಟ್ಟೆ. ಭಾಯಿ ಕೆಮ್ಮಿದರು.

ತೆರಿಗೆ ಕಟ್ಟಿ ಬಂದೆವು. ಹೊಸ ನಂಬರು ಬಂತು. ಸೀಟಿನ ಮೋಟಾರು ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಭಾಯಿ ಎಷ್ಟೋ ಸಲ ಹೇಳಿದರು, ನಾನು ಹೂಂ ಎಂದು ಸುಮ್ಮನಾದೆ. ಅವ್ವ ಈಗ ಹೊಟ್ಟೆ ತುಂಬ ಉಣ್ಣುತ್ತಾಳೆ, ರಾತ್ರಿ ಗೊರಕೆ ಹೊಡೆಯುತ್ತಾಳೆ. ಕೀ ನನ್ನ ಹತ್ತಿರವಿದೆ. ಸಂಜೆ ಸ್ಕೂಲಿನಿಂದ ಬಂದವಳು ಕಾರಿನ ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತು, ಅವ್ವ ಒಳಗಿನಿಂದ ಬಯ್ಯುವವರೆಗೂ, ಅಕ್ಕನಿಗೆ ಆ ದಿನದ ಸುದ್ದಿಯೆಲ್ಲ ಹೇಳುತ್ತೇನೆ.