ಟಗರಿನ ತಲೆಯೊಳಗಿನ ಕಾಳು

ಇದು ನನ್ನ ಮೈಮೇಲೆಯೇ ನಡೆದದ್ದು. ನಂಬಿ ಎಂದು ಯಾರನ್ನೂ ಗೋಗರೆಯುವುದಿಲ್ಲ. ಪ್ರಾಣಿಶಾಸ್ತ್ರ ಓದಿ, ದೆವ್ವ-ಗಿವ್ವ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಆ ಸಂಜೆಯ ನಂತರ ಬಾಯಿ ಮುಚ್ಚಿಕೊಂಡೆ.

ತೊಂಬತ್ತರ ದಶಕದ ಕೊನೆ. ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ತಾತ್ಕಾಲಿಕ ಮೇಷ್ಟ್ರು. ಹೆಂಡತಿ ಗಿರಿಜಾ ಹೆತ್ತು ಎಂಟು ದಿನವಾಗಿದ್ದರೂ ಎದೆಯಲ್ಲಿ ತೊಟ್ಟು ಹಾಲಿಲ್ಲ. ಬೆಳ್ಳುಳ್ಳಿ, ಸಬ್ಬಸಿಗೆ, ಕೊಬ್ಬರಿ... ಅಮ್ಮ ತಿನ್ನಿಸದ್ದು ಯಾವುದೂ ಉಳಿದಿರಲಿಲ್ಲ. ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದರೆ ಮಗು ಕಕ್ಕುತ್ತಿತ್ತು. ಅಳುವ ದನಿಯೂ ಸಣ್ಣಗಾಗಿತ್ತು. ನಾಳೆ ಬೆಳಿಗ್ಗೆಯೇ ದಾವಣಗೆರೆಗೆ ಒಯ್ಯಿರಿ, ಅಲ್ಲಿಯವರೆಗೆ ಉಳಿದರೆ ನಿಮ್ಮ ಪುಣ್ಯ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಷ್ಟಾದರೂ ಸಂಜೆ ಕಾಲೇಜಿಗೆ ಹೋಗಬೇಕಾಯಿತು. ಮರುದಿನ ಪ್ರಾಯೋಗಿಕ ಪರೀಕ್ಷೆ. ಪಿಟ್ಯುಟರಿ ಗ್ರಂಥಿಯ ಸ್ಲೈಡುಗಳು ಇನ್ನೂ ಆಗಿರಲಿಲ್ಲ.

ಆ ಗ್ರಂಥಿ ಒಂದು ಟಗರಿನದು. ನಮ್ಮ ಕಡೆ ಅಂಗಡಿಯವರು ತಲೆಯನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದೇ ಕೊಡುತ್ತಾರೆ. ಸುಟ್ಟರೆ ಒಳಗಿನ ಕೋಶಗಳು ಬೆಂದುಹೋಗುತ್ತವೆಂದು ಹಸಿಯದನ್ನೇ ತರಲು ಅಟೆಂಡರ್ ಕೊಟ್ರಪ್ಪನಿಗೆ ಹೇಳಿದ್ದೆ. ಮಗು ಹುಟ್ಟಿದ ಮರುದಿನ ತಂದ. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯವನು ನಾನು... ಸುರುಳಿ ಕೊಂಬು, ರಕ್ತ ಮೆತ್ತಿದ ಕೂದಲು, ಅರ್ಧ ತೆರೆದ ಬಾಯಲ್ಲಿ ನುಂಗದೇ ಉಳಿದ ಹುಲ್ಲು. ಕೊಟ್ರಪ್ಪ ಬುರುಡೆ ಸೀಳಿದ. ಮೆದುಳಿನ ಕೆಳಗೆ, ಎಲುಬಿನ ಗುಳಿಯೊಂದರಲ್ಲಿ, ಕಡಲೆಕಾಳಿನಷ್ಟು ಗ್ರಂಥಿ ಕೂತಿತ್ತು. ಚಿಮುಟದಲ್ಲಿ ಹಿಡಿದರೆ ಲೋಳೆಯಂತೆ ಎಳೆದುಕೊಂಡು ಬಂತು. ಹೊರಗೆ ಓಡಿ ವಾಂತಿ ಮಾಡಿದೆ.

"ಮನ್ಯಾಗ ಹಸಿ ಬಾಣಂತಿ ಅದಾರ. ಇದನ್ನ ನೀವು ಮುಟ್ಟಬಾರದಿತ್ರಿ ಸರ," ಎಂದ ಕೊಟ್ರಪ್ಪ. ನಾನು ಬಾಯಿ ತೊಳೆದುಕೊಂಡು ನಕ್ಕೆ.

ವಾರದ ಮೇಲೆ, ಆ ಸಂಜೆ, ಮೇಣದಲ್ಲಿ ಕೂರಿಸಿಟ್ಟಿದ್ದ ಗ್ರಂಥಿಯನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕುವಷ್ಟರಲ್ಲಿ ಕತ್ತಲಾಯಿತು. ಕರೆಂಟು ಹೋಯಿತು. ಕೊಟ್ರಪ್ಪ ಕಂದೀಲು ಹಚ್ಚಿ ಸೂಕ್ಷ್ಮದರ್ಶಕದ ಕನ್ನಡಿಯೆದುರು ಇಟ್ಟು, ಬೀಡಿ ಸೇದಲು ಹೊರಗೆ ಹೋದ.

ಕಣ್ಣಿಟ್ಟೆ. ಕೆಂಪು ಹೀರಿದ ಕೋಶಗಳು, ನೀಲಿ ಹೀರಿದವು, ಯಾವ ಬಣ್ಣವನ್ನೂ ಹಿಡಿಯದ ಪೇಲವ ಕೋಶಗಳು. ನಡುವೆ ರಕ್ತದ ಸಣ್ಣ ಸಂದುಗಳು. ಎಲ್ಲ ಪುಸ್ತಕದಲ್ಲಿದ್ದಂತೆಯೇ... ಆದರೆ ಕೆಂಪಿನವು ವಿಪರೀತ ಉಬ್ಬಿದ್ದವು. ಒಳಗೆಲ್ಲ ಕಣ ತುಂಬಿಕೊಂಡು ಉಳಿದವನ್ನು ಮೂಲೆಗೆ ಒತ್ತಿದ್ದವು. ಎದೆಗೆ ಹಾಲು ತರಿಸುವ ರಸ ತಯಾರಾಗುವುದು ಇಂಥ ಕೋಶಗಳಲ್ಲೇ. ಮರಿಗೆ ಹಾಲೂಡುವ ಕುರಿಯಲ್ಲಾದರೆ ಸರಿ, ಟಗರಿನಲ್ಲಿ ಹೀಗಿರುವಂತಿಲ್ಲ.

ಅತ್ತ ಮಗು ಸಾಯುತ್ತಿದೆ, ಇತ್ತ ಈ ಹೆಣದ ತಲೆಯಲ್ಲಿ ಇಷ್ಟೊಂದು. ನನಗೆ ರೇಗಿಹೋಯಿತು.

"ಇಷ್ಟ್ ಇಟ್ಕೊಂಡು ಏನ್ ಮಾಡ್ತಿ? ನಮ್ಮ ಮನಿಗಿ ಒಂದೀಟು ಕೊಡು," ಎಂದು ಸ್ಲೈಡಿಗೇ ಬೈದೆ. ಮನೆಯಲ್ಲಿ ಯಾರಿಗೆ ಎಂದು ಹೇಳಲಿಲ್ಲ...

ಆಗ ವಾಸನೆ ಬಂತು. ಗಿಣ್ಣುಹಾಲಿನ ವಾಸನೆ, ಕುರಿಯ ಮೈಯ ಕಮಟು ಬೆರೆತು, ಬೆಚ್ಚಗೆ. ಮತ್ತೆ ಕಣ್ಣಿಟ್ಟೆ. ಕೆಂಪು ಕೋಶಗಳು ಬರಿದಾಗಿದ್ದವು. ವಾರದ ಹಿಂದೆ ಸತ್ತು, ಗಾಜಿಗೆ ಅಂಟಿದ ಕೋಶಗಳು... ಯಾರೋ ಹಿಂಡಿಕೊಂಡಂತೆ ಸೊರಗಿದ್ದವು.

ನನ್ನ ಎದೆ ಬಿಗಿಯಿತು. ಅಂಗಿ ಒದ್ದೆಯಾಗಿತ್ತು. ಬೆವರೆಂದು ಒರೆಸಿಕೊಂಡೆ. ಅಂಟಂಟು. ಬೆರಳನ್ನು ಕಂದೀಲಿಗೆ ಹಿಡಿದೆ. ಹಳದಿ ಬಣ್ಣದ ದಪ್ಪ ಹಾಲು. ನನ್ನ ಮೈಯಿಂದ ಬಂದದ್ದು. ಒರೆಸಿದಷ್ಟೂ ಜಿನುಗುತ್ತಿತ್ತು. ಮೈಯ ಚರ್ಮವನ್ನೇ ಸುಲಿದು ಬಿಸಾಡಬೇಕು ಅನ್ನುವಷ್ಟು ಹೇಸಿಗೆಯಾಯಿತು.

ಒಳಗೆ ಬಂದ ಕೊಟ್ರಪ್ಪ ಬಾಗಿಲಲ್ಲೇ ನಿಂತ. "ಸರ... ಈದ ಕುರಿ ವಾಸ್ನಿ ಬರಾಕತ್ತೈತಿ," ಎಂದ ಮೆಲ್ಲಗೆ. ಅವತ್ತು ತಂದದ್ದು ಟಗರೇ ತಾನೆ ಎಂದು ಕೇಳಿದೆ. ಕೊಂಬು ನೀವೇ ನೋಡಿದ್ದಿರಲ್ಲ ಎಂದ. ಅವನು ಮತ್ತೆ ಒಳಗೆ ಕಾಲಿಡಲಿಲ್ಲ.

ಮನೆಗೆ ಬಂದವನು ಬಚ್ಚಲಿನಲ್ಲಿ ಸಾಬೂನು ಸವೆಯುವವರೆಗೆ ಉಜ್ಜಿಕೊಂಡೆ. ಅಂಗಿಯನ್ನು ಒಲೆಗೆ ಹಾಕಿದೆ. ಹಾಕಿಕೊಂಡ ಹೊಸ ಅಂಗಿಯೂ ನೆನೆಯಿತು.

ಅಮ್ಮ ಅತ್ತು ಅತ್ತು ಅಡುಗೆಮನೆಯಲ್ಲೇ ನಿದ್ದೆಹೋಗಿದ್ದಳು. ಬಾಣಂತಿಯ ಕೋಣೆಯಲ್ಲಿ ಮಗು ಅಲುಗದೆ ಮಲಗಿತ್ತು. ನಾನು ಹೊಸಿಲು ದಾಟಿದ್ದೇ ತಡ, ಮುಖ ನನ್ನ ಕಡೆ ತಿರುಗಿಸಿ ಬಾಯಿ ತೆರೆಯಿತು. ಹಿಂದಕ್ಕೆ ಸರಿದೆ. ಗಿರಿಜಾ ನನ್ನ ಅಂಗಿಯ ಒದ್ದೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಗುವನ್ನೆತ್ತಿ ನನ್ನ ಕೈಗೆ ಕೊಟ್ಟಳು.

"ನಾ ಗ್ವಾಡಿ ಕಡಿ ಹೊಳ್ಳಿ ಮಲಗ್ತೀನಿ," ಎಂದು ಗೋಡೆಯತ್ತ ತಿರುಗಿದಳು. "ಕೂಸು ಉಳೀಲಿ."

ಅಂಗಿಯ ಗುಂಡಿ ಬಿಚ್ಚಿದೆ. ದೀಪ ಆರಿಸಿದೆ.

ಬೆಳಿಗ್ಗೆ ಮಗುವಿನ ಮುಖಕ್ಕೆ ಬಣ್ಣ ಬಂದಿತ್ತು; ದಾವಣಗೆರೆಗೆ ಒಯ್ಯಬೇಕಾಗಲಿಲ್ಲ. ಯಾರ ಪುಣ್ಯವೋ ಎಂದು ಅಮ್ಮ ದೇವರಿಗೆ ಕೈಮುಗಿದಳು. ನನ್ನ ಮೈ ಒಣಗಿತ್ತು. ಮಧ್ಯಾಹ್ನದ ಹೊತ್ತಿಗೆ ಗಿರಿಜಾಗೆ ಹಾಲು ಇಳಿಯಿತು. ಇದು ಯಾಕಾಯಿತು, ಹೇಗಾಯಿತು, ನನಗೆ ತಿಳಿಯದು. ಯಾವ ಡಾಕ್ಟರನ್ನೂ ಕೇಳಿಲ್ಲ, ನಾವಿಬ್ಬರೂ ಆ ಮಾತು ಎತ್ತಿಲ್ಲ.

ಮಗ ಈಗ ನನಗಿಂತ ಎತ್ತರ. ಊರಿಗೆ ಬಂದಾಗ ಅಪ್ಪಾ ಎಂದು ಪ್ರೀತಿಯಿಂದ ತಬ್ಬಿಕೊಳ್ಳಲು ಬರುತ್ತಾನೆ. ನಾನು ಏನಾದರೂ ನೆಪ ಹೇಳಿ ಎದ್ದುಹೋಗುತ್ತೇನೆ.